ಮಳೆಗೆ ಬೀಗ ಹಾಕಿದರಂತೆ

ಹೋದ ವರ್ಷ ನಮ್ಮ ಸೋದರಮಾವ ತೀರಿಕೊಂಡರು. ಫ್ಯಾಮಿಲಿ ಗ್ರೂಪಿನಲ್ಲಿ ಸುದ್ದಿ ಹಾಕಿದ ಸ್ವಲ್ಪ ಹೊತ್ತಿಗೆ ಸಂದೇಶಗಳು ಬರತೊಡಗಿದವು. 'ಅವರ ಆತ್ಮಕ್ಕೆ ಶಾಂತಿ ಸಿಗಲಿ.' 'ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ.' 'ದುಃಖ ಭರಿಸುವ ಶಕ್ತಿಯನ್ನು ಭಗವಂತ ಕುಟುಂಬಕ್ಕೆ ಕೊಡಲಿ.' 'ಓಂ ಶಾಂತಿ.' ಬರೆದವರೆಲ್ಲ ಮಾವನ ಮನೆಯಲ್ಲಿ ಉಂಡವರು, ಅವರ ಸ್ಕೂಟರಿನ ಹಿಂದೆ ಕೂತು ಊರು ನೋಡಿದವರು. ಅವರ ದುಃಖ ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೆಸರು ಮುಚ್ಚಿಟ್ಟು ಓದಿದರೆ ಯಾವುದು ಯಾರದ್ದು ಅಂತ ಹೇಳುವ ಹಾಗಿರಲಿಲ್ಲ. ತೀರಿಕೊಂಡವರು ಯಾರು ಅಂತಲೂ ಗೊತ್ತಾಗುತ್ತಿರಲಿಲ್ಲ. ಇವುಗಳ ನಡುವೆ ಚಿಕ್ಕಮ್ಮನ ಮಗ ಒಂದು ಸಾಲು ಬರೆದ: 'ಇನ್ನು ಪೇಪರಿನಲ್ಲಿ ಒತ್ತು ತಪ್ಪಿದ್ದರೆ ಬೆಳಿಗ್ಗೆ ಯಾರಿಗೆ ಫೋನ್ ಮಾಡಲಿ?' ಅದನ್ನು ಓದಿ ಹೇಳಿದಾಗ ಅತ್ತೆಗೆ ಅಳು ಬಂತು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ.

ಆ ರಾತ್ರಿ ನಾನು ಫೋನಿನಲ್ಲಿ 'ಅವರ' ಅಂತ ಟೈಪ್ ಮಾಡಿ ನೋಡಿದೆ. ಕೀಬೋರ್ಡಿನ ಮೇಲೆ 'ಆತ್ಮಕ್ಕೆ' ಬಂತು. ಒತ್ತಿದೆ. 'ಶಾಂತಿ' ಬಂತು. ಆಮೇಲೆ 'ಸಿಗಲಿ'. ಒಂದು ಪದ ನಾವು ಕೊಟ್ಟರೆ ಸಾಕು, ಉಳಿದ ಸಂತಾಪ ತಾನಾಗಿ ಬರುತ್ತದೆ. ಇದರಲ್ಲಿ ಫೋನಿನ ತಪ್ಪೇನೂ ಇಲ್ಲ. ಅಜ್ಜನ ಕಾಲದ ಪತ್ರಗಳೂ 'ಉಭಯ ಕುಶಲೋಪರಿ ಸಾಂಪ್ರತ' ಅಂತಲೇ ಶುರುವಾಗುತ್ತಿದ್ದವು. ಆದರೆ ಅಲ್ಲಿ ಆ ಸಾಲು ಮುಗಿದ ಮೇಲೆ ಒಂದು ಇಡೀ ಕಾರ್ಡು ಖಾಲಿ ಉಳಿಯುತ್ತಿತ್ತು. ಅದನ್ನು ತುಂಬಬೇಕಿತ್ತು. ಎಮ್ಮೆ ಈದದ್ದೋ, ಮಳೆ ಬಾರದ್ದೋ, ಯಾರದೋ ಮಗಳ ಗಂಡು ನೋಡುವ ವಿಚಾರವೋ ಬಂದೇ ಬರುತ್ತಿತ್ತು. ಈಗ ಶುರುವಿನ ಸಾಲೇ ಕೊನೆಯ ಸಾಲು. ಇದು ಇಷ್ಟು ದಿನ ನನ್ನನ್ನು ಕಾಡುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಹೀಗೆ ತಾನಾಗಿ ಬರುವ ಮಾತನ್ನು ತಡೆದು ನಿಲ್ಲಿಸುವುದನ್ನು ನಮಗೆಲ್ಲ ಆಟವಾಡಿಸಿ ಕಲಿಸಿದವರು ಆ ಮಾವನೇ.

ನಿಘಂಟು ಆಡೋಣವಾ ಮಾವ?

ಮಾವ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದರು. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿ, ಕಂಪ್ಯೂಟರ್ ಬಂದ ಮೇಲೂ ಅಲ್ಲೇ ಇದ್ದರು. ಮನೆಯೂ ಹತ್ತಿರವೇ. ಕನ್ನಡ ಸಾಹಿತ್ಯ ಪರಿಷತ್ತಿಗೆ ಅಲ್ಲಿಂದ ನಡೆದೇ ಹೋಗಬಹುದಿತ್ತು. ಬೇಸಿಗೆ ರಜ ಬಂದರೆ ಅಕ್ಕತಂಗಿಯರ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದೆವು. ಸಂಜೆ ಕರೆಂಟ್ ಹೋದರೆ ಆಟ ಶುರು. ನಡುಮನೆಯಲ್ಲಿ ಒಂದು ಮೇಣದಬತ್ತಿ, ಪಕ್ಕದಲ್ಲಿ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು. ಒಬ್ಬರು ಕಣ್ಣು ಮುಚ್ಚಿ ಪುಟ ತೆಗೆಯಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ಬೆರಳಿಡಬೇಕು. ಹೀಗೆ ಮೂರು ಪದ. ಮೂರನ್ನೂ ಸೇರಿಸಿ ಒಂದು ವಾಕ್ಯ ಮಾಡಬೇಕು. ಎಲ್ಲರಿಗೂ ಅದೇ ಮೂರು ಪದ. ಆಟಕ್ಕೆ ಹೆಸರಂತ ಇರಲಿಲ್ಲ. 'ನಿಘಂಟು ಆಡೋಣವಾ ಮಾವ?' ಅಂತ ಕೇಳುತ್ತಿದ್ದೆವು.

ಒಂದು ಸಂಜೆಯ ಪದಗಳು ಇವತ್ತಿಗೂ ನೆನಪಿವೆ: ಸುಂಕ, ಅಳಿಲು, ತೊಟ್ಟಿಲು. ಮೊದಲು ನಮ್ಮಣ್ಣ ಕೈ ಎತ್ತಿದ. 'ಅಳಿಲು ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡು ಬಂದು ತೊಟ್ಟಿಲಲ್ಲಿ ಮಲಗಿತು.' ಎಲ್ಲರೂ ನಕ್ಕೆವು. ಮಾವ ಮಾತ್ರ ಒಪ್ಪಲಿಲ್ಲ. 'ಗಾದೆ ಬೇಡ ಕಣೋ. ಅದನ್ನು ಯಾರೋ ಯಾವತ್ತೋ ಹೇಳಿ ಆಗಿದೆ. ನೀನು ಹೇಳು.' ನಾನು 'ರಾಮನ ಸೇತುವೆಗೆ ಅಳಿಲು...' ಅಂತ ಬಾಯಿ ತೆಗೆದೆ. ಅಷ್ಟಕ್ಕೇ ಕೈ ಅಡ್ಡ ಹಿಡಿದರು. 'ಅಳಿಲು ಅಂದ ಕೂಡಲೇ ಸೇತುವೆ. ಎಲ್ಲರಿಗೂ ಅದೇ ಹೊಳೆಯುತ್ತೆ ಪುಟ್ಟಿ. ಅದು ಬಾಗಿಲಲ್ಲೇ ನಿಂತಿರೋ ನೆಂಟ. ಒಳಗೆ ಇನ್ನೂ ಯಾರ್ಯಾರೋ ಕೂತಿದ್ದಾರೆ, ಅವರನ್ನು ಕರಿ.'

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು. 'ತೊಟ್ಟಿಲಿಗೂ ಸುಂಕ ಹಾಕಿ, ಹಿತ್ತಲ ಅಳಿಲಿಗೂ ಹಾಕಿ, ಇನ್ನೇನು ಉಳಿದಿದೆ?' ಮಾವ ತಕ್ಷಣ ಕೇಳಿದರು, 'ಯಾರು ಯಾರಿಗೆ ಹೇಳಿದ್ದು?' ಅತ್ತೆ, 'ನಾನು. ಮನೆ ಕಂದಾಯದವರಿಗೆ' ಅಂದರು. ಆ ವಾರ ಕಂದಾಯದ ಚೀಟಿ ಬಂದು ಮನೆಯಲ್ಲಿ ಅದೇ ಮಾತಾಗಿತ್ತು. ಚಿಕ್ಕಮ್ಮನ ಮಗ ನಮ್ಮೆಲ್ಲರಿಗಿಂತ ಚಿಕ್ಕವನು. ಅವನು ಎದ್ದು ನಿಂತು, 'ಅಳಿಲು ಪಾಪುನ ತೊಟ್ಟಿಲಿಗೆ ಸುಂಕ ಇಲ್ಲ, ಒಳಗೆ ಬಿಡಿ' ಅಂದ. ಯಾರು ಹೇಳಿದ್ದು ಅಂದರೆ ಪೊಲೀಸ್ ಅಳಿಲಂತೆ. ಅವನಿಗೆ ಆಗಷ್ಟೇ ತಂಗಿ ಹುಟ್ಟಿದ್ದಳು. ಮನೆಗೆ ತೊಟ್ಟಿಲು ಬಂದಿತ್ತು. ಅದರ ಹತ್ತಿರ ಹೋದರೆ ಎಲ್ಲರೂ ಅವನನ್ನು ಗದರುತ್ತಿದ್ದರು.

ಕೊನೆಗೆ ಮಾವನ ಸರದಿ. 'ತೊಟ್ಟಿಲು ತೂಗದ ಮನೆಗೆ ಅಳಿಲುಗಳು ಬಂದರೆ ಸುಂಕ ಕೇಳಬೇಡ.' ಯಾರು ಯಾರಿಗೆ ಹೇಳಿದ್ದು ಮಾವ ಅಂತ ಕೂಗಿದೆವು. ಅವರು ಹೇಳದೆ ಮುಂದಿನ ಪುಟ ತೆಗೆದರು. ಮಾವನಿಗೆ ಮಕ್ಕಳಿರಲಿಲ್ಲ. ರಜ ಬಂದರೆ ನಾವು ಗದ್ದಲ ಮಾಡಿಕೊಂಡು ಬಂದು ಬೀಳುತ್ತಿದ್ದೆವು. ಇವೆರಡನ್ನೂ ಸೇರಿಸಿ ನೋಡುವಷ್ಟು ನಾನು ದೊಡ್ಡವಳಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು.

ಯಾರು ಯಾರಿಗೆ ಹೇಳಿದ್ದು

ಕನ್ನಡ ಪರೀಕ್ಷೆ ಬರೆದವರಿಗೆಲ್ಲ ಈ ಪ್ರಶ್ನೆ ಗೊತ್ತು. 'ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭದೊಂದಿಗೆ ವಿವರಿಸಿ.' ಉತ್ತರವನ್ನೂ ಬಾಯಿಪಾಠ ಮಾಡಿಯೇ ಬರೆಯುತ್ತಿದ್ದೆವು. ಮಾವ ಆ ಪ್ರಶ್ನೆಯನ್ನು ತಲೆಕೆಳಗು ಮಾಡಿದ್ದರು. ಇಲ್ಲಿ ವಾಕ್ಯ ಮೊದಲು ಬರುತ್ತದೆ. ಸಂದರ್ಭವನ್ನು ನಾವು ಹುಡುಕಿ ತರಬೇಕು. ತಂದರೆ ವಾಕ್ಯ ಪಾಸು, ಇಲ್ಲದಿದ್ದರೆ ಫೇಲು. ವಾಕ್ಯ ಎಷ್ಟು ವಿಚಿತ್ರವಾಗಿದ್ದರೂ ಅವರಿಗೆ ತಕರಾರಿರಲಿಲ್ಲ. ಅದನ್ನು ಹೇಳುವ ಒಬ್ಬ ಮನುಷ್ಯ, ಕೇಳುವ ಇನ್ನೊಬ್ಬ ಎಲ್ಲಾದರೂ ಇರಬೇಕು, ಅಷ್ಟೇ.

1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಒಂದು ವಾಕ್ಯ ಕೊಟ್ಟರು. ಬಣ್ಣವಿಲ್ಲದ ಹಸಿರು ಯೋಚನೆಗಳು ರೋಷದಿಂದ ನಿದ್ದೆ ಮಾಡುತ್ತವೆ ಅಂತ ಅದನ್ನು ಕನ್ನಡದಲ್ಲಿ ಹೇಳಬಹುದು. ವ್ಯಾಕರಣ ಸರಿ, ಅರ್ಥ ಮಾತ್ರ ಇಲ್ಲ. ವ್ಯಾಕರಣ ಬೇರೆ, ಅರ್ಥ ಬೇರೆ ಅಂತ ತೋರಿಸಲು ಅವರು ಅದನ್ನು ಬಳಸಿದರು. ಅವರ ವಾದಕ್ಕೆ ಅದು ಸಾಕಿತ್ತು. ಆದರೆ ಜನ ಸುಮ್ಮನಿರಲಿಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆ ವಾಕ್ಯಕ್ಕೆ ಅರ್ಥ ಹುಡುಕುವ ಸ್ಪರ್ಧೆಯೇ ನಡೆಯಿತು. ಗದ್ಯವಾದರೆ 100 ಪದ, ಪದ್ಯವಾದರೆ 14 ಸಾಲು, ಅಷ್ಟರೊಳಗೆ ಆ ವಾಕ್ಯ ಸರಿಯಾಗಿ ಕೂರಬೇಕು. ಒಬ್ಬರು ಚಳಿಗಾಲಕ್ಕೆ ಮೊದಲು ಮಣ್ಣಿನೊಳಗೆ ಹುಗಿಯುವ ಹೂಗಡ್ಡೆಗಳ ಬಗ್ಗೆ ಬರೆದರು. ಬೆಂಗಳೂರಿನ ಮನೆಗಳ ಕುಂಡದಲ್ಲಿ ಚಳಿಗಾಲವೆಲ್ಲ ಸುಮ್ನೆ ಮಲಗಿದ್ದು, ಮೇ ತಿಂಗಳಲ್ಲಿ ಕೆಂಪು ಚೆಂಡಿನಂಥ ಹೂ ಬಿಡುವ ಗಡ್ಡೆ ನೆನಪಿದೆಯಲ್ಲ? ಅದನ್ನು ನೋಡಿದವರಿಗೆ ಹಸಿರು ಮಲಗಿರುವುದು, ಒಳಗೇ ರೋಷ ಕಟ್ಟಿಕೊಂಡಿರುವುದು ಎರಡೂ ವಿಚಿತ್ರ ಅನ್ನಿಸುವುದಿಲ್ಲ. ಮಾವ ಅಲ್ಲಿದ್ದರೆ ಪಾಸ್ ಮಾಡುತ್ತಿದ್ದರು.

ನಮ್ಮಲ್ಲಿ ಇದು ಹೊಸದೂ ಅಲ್ಲ. ಭೋಜರಾಜ 'ಠಂಠಂಠಠಂಠಂ' ಅಂತ ಬರೀ ಸದ್ದಿನ ಸಾಲು ಕೊಟ್ಟ, ಕಾಳಿದಾಸ ಅದಕ್ಕೆ ಪದ್ಯ ಕಟ್ಟಿದ ಎಂಬ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಪಟ್ಟಾಭಿಷೇಕಕ್ಕೆ ನೀರು ತರುವ ಹೆಣ್ಣಿನ ಕೈಯಿಂದ ಚಿನ್ನದ ಕೊಡ ಜಾರಿತು. ಮೆಟ್ಟಿಲ ಮೇಲೆ ಉರುಳುತ್ತ ಅದು ಮಾಡಿದ ಸದ್ದು ಆ ಠಂಠಂ. ಕಾಳಿದಾಸ ಅಲ್ಲಿ ಸದ್ದನ್ನು ಒಂದಿಷ್ಟೂ ಬದಲಾಯಿಸಲಿಲ್ಲ. ಸದ್ದಿಗೆ ಒಂದು ಮೆಟ್ಟಿಲು, ಒಂದು ಕೈ, ಒಂದು ಗಳಿಗೆ ಹುಡುಕಿಕೊಟ್ಟ. ಹಲವರು ಒಡ್ಡುವ ಸವಾಲುಗಳಿಗೆ ಸಭೆಯಲ್ಲೇ ಪದ್ಯ ಕಟ್ಟಿ ಉತ್ತರ ಹೇಳುವ ಅವಧಾನದಲ್ಲಿ ದತ್ತಪದಿ ಅಂತ ಒಂದು ವಿಭಾಗವಿದೆ. ಪೃಚ್ಛಕರು, ಅಂದರೆ ಸವಾಲು ಹಾಕುವವರು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ, ವಸ್ತುವನ್ನೂ ಛಂದಸ್ಸನ್ನೂ ಹೇಳುತ್ತಾರೆ. ಪದ್ಯದ ಒಂದೊಂದು ಪಾದದಲ್ಲಿ ಒಂದೊಂದು ಪದ ಬರಬೇಕು. ಕೆಲವರು ಬೇಕೆಂದೇ ಇಂಗ್ಲಿಷ್ ಪದ ಕೊಡುತ್ತಾರೆ. ಅವಧಾನಿ ಅದನ್ನು ಸಂಧಿಯಲ್ಲಿ ಕರಗಿಸಿ, ಕನ್ನಡವೋ ಸಂಸ್ಕೃತವೋ ಆಗಿಸಿ ಹೇಳುವಾಗ ಸಭೆಯಲ್ಲಿ ಬರುವ ಆ 'ಆಹಾ' ಕೇಳಬೇಕು. 2012ರಲ್ಲಿ ಆರ್. ಗಣೇಶ್ ಅವರು ಬೆಂಗಳೂರಿನಲ್ಲಿ ಮೂರು ದಿನ ಕನ್ನಡ ಶತಾವಧಾನ ಮಾಡಿದಾಗ ಪೃಚ್ಛಕರೇ ನೂರು ಮಂದಿ. ನಮ್ಮ ಮಾವ ಅಲ್ಲಿಂದ ಬಂದು ಎಷ್ಟೋ ದಿನ ದತ್ತಪದಿಯ ಮಾತೇ ಆಡಿದರು. 'ನಮ್ಮದು ಅದರ ಮಕ್ಕಳಾಟ' ಅನ್ನುತ್ತಿದ್ದರು. ನನಗೆ ಮಾತ್ರ ಮನೆಯಾಟದಲ್ಲಿ ಇನ್ನೊಂದು ಹೆಚ್ಚಿನ ಸುಖ ಕಾಣುತ್ತದೆ. ಅವಧಾನದಲ್ಲಿ ಒಬ್ಬರ ಪ್ರತಿಭೆ ಕಾಣುತ್ತದೆ. ಇಲ್ಲಿ ಒಂದೇ ಪದಗಳು ಎಲ್ಲರ ಕೈಗೂ ಸಿಗುವುದರಿಂದ ಒಬ್ಬೊಬ್ಬರ ಒಳಗೂ ಆ ಹೊತ್ತು ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಬೀಗ ಮತ್ತು ಮಳೆ

ಈ ಆಟ ಕನ್ನಡದಲ್ಲಿ ಆಡಲು ಯಾಕೆ ಇಷ್ಟು ಚೆನ್ನ ಅಂತ ಯೋಚಿಸಿದ್ದೇನೆ. ನಿಘಂಟಿನಲ್ಲಿ ಪದ ಬರಿಗೈಯಲ್ಲಿ ಕೂತಿರುತ್ತದೆ. ವಿಭಕ್ತಿ ಇಲ್ಲ, ಕಾಲ ಇಲ್ಲ. ಬೀಗ. ಮಳೆ. ಇವೆರಡನ್ನು ಪಕ್ಕದಲ್ಲಿಟ್ಟರೆ ಏನೂ ಆಗುವುದಿಲ್ಲ. ಒಂದು ಪ್ರತ್ಯಯ ಹಚ್ಚಿ ನೋಡಿ. 'ಮಳೆಯಲ್ಲಿ ಬೀಗ' ಅಂದರೆ ಯಾರೋ ಊರಿಗೆ ಹೋಗಿದ್ದಾರೆ, ಗೇಟಿನ ಮೇಲೆ ನೀರು ಸುರಿಯುತ್ತಿದೆ. 'ಮಳೆಯಿಂದ ಬೀಗ' ಅಂದರೆ ಅಂಗಡಿ ಮುಚ್ಚಿದೆ, ವ್ಯಾಪಾರ ಹೋಯಿತು. 'ಮಳೆಗೆ ಬೀಗ' ಅಂದಾಗ ಮಾತು ಎಲ್ಲಿಗೋ ಹೋಗಿಬಿಡುತ್ತದೆ. ಅದೇ ಎರಡು ಪದ. ಬದಲಾದದ್ದು ಬಾಲದ ಒಂದೆರಡು ಅಕ್ಷರ. ಇನ್ನು ಕ್ರಿಯಾಪದಕ್ಕೆ ಬಂದರೆ ಅಲ್ಲೊಂದು ತೀರ್ಮಾನ ಮಾಡಲೇಬೇಕು. ಮಳೆ ಬಂತೋ, ಬಂದಳೋ, ಬಂದನೋ? ಬಂದರು ಅಂತ ಮರ್ಯಾದೆ ಕೊಡಬೇಕೋ? 'ಮಳೆ ಬಂದಳು' ಅಂದವರ ಮನಸ್ಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಆಡುವವರಿಗೆ ಅದು ಗೊತ್ತಿರದಿದ್ದರೂ ಕೇಳುವವರಿಗೆ ಗೊತ್ತಾಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಅಂತೆ'. 'ಮಳೆಗೆ ಬೀಗ ಹಾಕಿದರು' ಅಂದರೆ ಅದೊಂದು ಕವಿತೆಯ ಸಾಲಿನ ಹಾಗೆ ದೂರ ನಿಲ್ಲುತ್ತದೆ. 'ಮಳೆಗೆ ಬೀಗ ಹಾಕಿದರಂತೆ' ಅನ್ನಿ. ಈಗ ಒಬ್ಬರು ಇನ್ನೊಬ್ಬರಿಂದ ಕೇಳಿಸಿಕೊಂಡಿದ್ದಾರೆ. ಮೂರನೆಯವರಿಗೆ ಹೇಳುತ್ತಿದ್ದಾರೆ. ಬಹುಶಃ ಹಾಲಿನ ಬೂತಿನ ಹತ್ತಿರ. 'ಪಾಪ, ಮಳೆಗೆ ಬೀಗ ಹಾಕಿದರಂತೆ ಕಣೆ' ಅಂದರೆ ಇಬ್ಬರು ಗೆಳತಿಯರು, ಅದರಲ್ಲೊಬ್ಬಳಿಗೆ ಮಳೆಯ ಮೇಲೆ ಕನಿಕರ. ಸಂದರ್ಭ ಹೇಳಿ ಅಂತ ಯಾರೂ ಕೇಳಬೇಕಾಗಿಯೇ ಇಲ್ಲ, ಅದು ವಾಕ್ಯದೊಳಗೇ ಬಂದು ಕೂತಿದೆ. ಅಂತೆ, ಕಣೆ, ಪಾಪ, ಅಲ್ವಾ, ತಾನೇ. ದಿನಾ ಲೆಕ್ಕವಿಲ್ಲದಷ್ಟು ಸಲ ಆಡುವ ಮಾತುಗಳಿವು. ಬರೆಯಲು ಕೂತಾಗ ಮೊದಲು ಬಿಟ್ಟುಬಿಡುವುದೂ ಇವುಗಳನ್ನೇ. ಹಾಗೆ ಬಿಡುವುದರಿಂದ ನಷ್ಟ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಅದೇ ಆಟ, ಇನ್ನೊಂದು ದಿಕ್ಕಿಗೆ

ಪುಸ್ತಕವನ್ನು ಸುಮ್ನೆ ತೆರೆದು ಸಿಕ್ಕಿದ್ದನ್ನು ಬರೆದುಕೊಳ್ಳುವ ಕೆಲಸವನ್ನು ಇನ್ನೊಬ್ಬರೂ ಮಾಡಿದ್ದರು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶ್ಯಾನನ್. 1948ರ ತಮ್ಮ ಪ್ರಬಂಧದಲ್ಲಿ ಅವರು ಇಂಗ್ಲಿಷಿನ ಹಾಗೆ ಕಾಣುವ ವಾಕ್ಯಗಳನ್ನು ಹೀಗೆ ತಯಾರಿಸಿ ತೋರಿಸಿದರು. ಪುಸ್ತಕ ತೆರೆದು ಒಂದು ಪದ ಆರಿಸಬೇಕು. ಬೇರೆ ಪುಟಕ್ಕೆ ಹೋಗಿ ಅದೇ ಪದ ಸಿಗುವವರೆಗೆ ಓದಬೇಕು. ಸಿಕ್ಕಿದಾಗ ಅದರ ಮುಂದಿನ ಪದ ಬರೆದುಕೊಳ್ಳಬೇಕು. ಈಗ ಆ ಹೊಸ ಪದ ಹಿಡಿದು ಮತ್ತೊಂದು ಪುಟಕ್ಕೆ. ಹೀಗೆ ಹೋದರೆ ಯಾರೂ ಯೋಚಿಸದ ವಾಕ್ಯವೊಂದು ಓದಲು ಬರುವಷ್ಟು ಚೆನ್ನಾಗಿ ಬೆಳೆಯುತ್ತದೆ. ಅವರಿಗೂ ಮೊದಲು, 1913ರಲ್ಲಿ, ರಷ್ಯಾದ ಗಣಿತಜ್ಞ ಮಾರ್ಕೋವ್ ಪುಷ್ಕಿನ್ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ, ಸ್ವರ ಆದ ಮೇಲೆ ವ್ಯಂಜನ ಎಷ್ಟು ಸಲ ಬರುತ್ತದೆ ಅಂತ ಲೆಕ್ಕ ಹಾಕಿದ್ದರು. ನಮ್ಮ ಕೀಬೋರ್ಡಿನ ಒಳಗಿನ ಲೆಕ್ಕ ಇವೆಲ್ಲಕ್ಕಿಂತ ಎಷ್ಟೋ ದೊಡ್ಡದು. ಪ್ರಶ್ನೆ ಮಾತ್ರ ಅದೇ. ಇದಾದ ಮೇಲೆ ಯಾವುದು ಬರುವ ಸಾಧ್ಯತೆ ಹೆಚ್ಚು?

ಶ್ಯಾನನ್ ಹೇಳಿದ ಇನ್ನೊಂದು ಮಾತು ನನಗೆ ಇಲ್ಲಿ ಮುಖ್ಯ. ಬರುತ್ತದೆ ಅಂತ ಮೊದಲೇ ಗೊತ್ತಿದ್ದದ್ದು ಬಂದರೆ ಅದರಿಂದ ಸಿಗುವ ಮಾಹಿತಿ ಕಡಿಮೆ. ಬರಲಾರದು ಅಂದುಕೊಂಡದ್ದು ಬಂದರೆ ಹೆಚ್ಚು. 'ಅವರ ಆತ್ಮಕ್ಕೆ' ಅಂದ ಮೇಲೆ 'ಶಾಂತಿ' ಬಂದರೆ ಹೊಸದಾಗಿ ತಿಳಿದದ್ದೇನು? ಏನೂ ಇಲ್ಲ. 'ಒತ್ತು ತಪ್ಪಿದ್ದರೆ ಯಾರಿಗೆ ಫೋನ್ ಮಾಡಲಿ' ಅನ್ನುವುದರಲ್ಲಿ ಒಬ್ಬ ಮನುಷ್ಯ ಬೆಳಗಿನ ಕಾಫಿ ಹಿಡಿದು ಪೇಪರ್ ಓದುತ್ತಿದ್ದಾರೆ, ಕೆಂಪು ಪೆನ್ನು ಹುಡುಕುತ್ತಿದ್ದಾರೆ, ಫೋನ್ ಎತ್ತಿ ನಗುತ್ತಿದ್ದಾರೆ. ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ ಅನ್ನುವುದು ಫೋನಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾರು ತೀರಿಕೊಂಡರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವವರು ನಾವು. ನಮಗೇ ಗೊತ್ತಿರುವ ಆ ಒಂದು ವಿಷಯ ಬಿಟ್ಟು ಬೇರೆಲ್ಲ ಹೇಳಿ ಮುಗಿಸುತ್ತೇವಲ್ಲ, ನನಗೆ ನೋವಾಗುವುದು ಅದಕ್ಕೆ.

ಕೆರೆಗೆ ಜಾಮೀನು

ಈಗ ನಾವು ಇರುವ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಈ ಆಟ ಆಡುತ್ತೇನೆ. ಅದರಲ್ಲೊಂದು ಹುಡುಗಿಯ ಮನೆಮಾತು ಮಲಯಾಳಂ. ಶಾಲೆಯಲ್ಲಿ ಕನ್ನಡ ಅವಳಿಗೆ ಮೂರನೆಯ ಭಾಷೆ. ಅವಳಿಗೆ ಗಾದೆಗಳು ಗೊತ್ತಿಲ್ಲ, ಜೋಡಿನುಡಿಗಳು ಬರುವುದಿಲ್ಲ. ಹಾಗಾಗಿ ನಮಗೆ ತಟ್ಟನೆ ಹೊಳೆಯುವುದು ಅವಳಿಗೆ ಹೊಳೆಯುವುದೇ ಇಲ್ಲ. ಈ ಆಟದಲ್ಲಿ ಅದು ದೊಡ್ಡ ಅನುಕೂಲ. ಒಂದು ಸಲ ತೂಬು, ಜಾಮೀನು, ಒಗರು ಬಂದವು. ತೂಬು ಅಂದರೆ ಮಕ್ಕಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆರೆಯ ನೀರನ್ನು ಗದ್ದೆಗೆ ಬಿಡಲು ಏರಿಯಲ್ಲಿ ಇಟ್ಟಿರುವ ಬಾಗಿಲು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಿಟಕಿ ನೋಡಿದಳು. ಆಮೇಲೆ ನಿಧಾನಕ್ಕೆ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: 'ಕೆರೆಗೆ ಜಾಮೀನು ಸಿಕ್ಕಿತು, ತೂಬು ತೆಗೆದರು, ನೀರು ಒಗರು ಮುಖ ಮಾಡಿಕೊಂಡು ಹೊರಗೆ ಬಂತು.'

'ಯಾರು ಯಾರಿಗೆ ಹೇಳಿದ್ದು?' ಅಂತ ಕೇಳಿದೆ. 'ಬಾತುಕೋಳಿ, ವಾಚ್‌ಮನ್ ಅಂಕಲ್‌ಗೆ. ನಮ್ಮ ಕೆರೆ ಜೈಲಲ್ಲಿ ಇದೆಯಲ್ಲ ಆಂಟಿ, ಸುತ್ತ ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ. ನೋಡೋಕೆ ಬೆಳಿಗ್ಗೆ ಸಂಜೆ ಮಾತ್ರ ಬಿಡ್ತಾರೆ.' ನಿಜ. ನಮ್ಮ ಹತ್ತಿರದ ಕೆರೆಗೆ ತಂತಿಬೇಲಿ ಇದೆ, ಗೇಟಿದೆ, ಸಮಯದ ಬೋರ್ಡಿದೆ. ನಾನು ದಿನವೂ ಅದರ ಪಕ್ಕದಲ್ಲೇ ಹೋಗುತ್ತೇನೆ. ಅದನ್ನು ಕಾವಲು ಅಂತಲೇ ನೋಡಿದ್ದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಎದ್ದ, 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿದ ಊರಿನಲ್ಲಿ ಉಳಿದ ಕೆರೆಗಳಿಗೆ ಬೇಲಿ ಬೇಕು ಅಂತ ನನಗೂ ಗೊತ್ತು. ಆದರೂ ಆ ಹುಡುಗಿ ಅಂದದ್ದು ಸುಳ್ಳಲ್ಲ. ತೂಬು ಇಲ್ಲದೆ, ಹೋಗಲು ಗದ್ದೆ ಇಲ್ಲದೆ ನೀರು ಅಲ್ಲೇ ಕೂತಿದೆ. ಕೆರೆಗಳ ಬಗ್ಗೆ ಭಾಷಣಗಳನ್ನು ಕೇಳಿದ್ದೇನೆ, ಫಲಕಗಳನ್ನು ಓದಿದ್ದೇನೆ. ಅಲ್ಲೆಲ್ಲ ಕೆರೆ ಅಂದ ಮೇಲೆ ಉಳಿಸಿ ಅಂತ ಬರುತ್ತದೆ. ಕೆರೆ ಅಂದ ಮೇಲೆ ಜಾಮೀನು ಬಂದದ್ದನ್ನು ನಾನು ಕೇಳಿದ್ದು ಅವತ್ತೇ.

ಆಡುವವರಿಗೆ

ದಪ್ಪ ನಿಘಂಟೇ ಬೇಕಂತಿಲ್ಲ. ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದ್ದರೆ ಅದೃಷ್ಟ. 1970ರಲ್ಲಿ ಮೊದಲ ಸಂಪುಟ, 1995ರಲ್ಲಿ ಕೊನೆಯದು. ಒಂದೊಂದು ಪದವನ್ನೂ ಯಾವ ಶಾಸನ, ಯಾವ ಕಾವ್ಯ ಹೇಗೆ ಬಳಸಿದೆ ಅಂತ ಅದರಲ್ಲಿ ಸಾಲು ಸಮೇತ ಕೊಟ್ಟಿದ್ದಾರೆ. ಆ ಕೆಲಸವನ್ನು ಮುನ್ನಡೆಸಿದ ಜಿ. ವೆಂಕಟಸುಬ್ಬಯ್ಯ ಅವರು 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇದೇ ಬೆಂಗಳೂರಿನಲ್ಲಿ ಇದ್ದರು. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಗಾದೆಗಳು ತುಂಬಾ ಇವೆ. ಓದಲು ಸೊಗಸು, ಈ ಆಟಕ್ಕೆ ಸ್ವಲ್ಪ ಅಪಾಯ. ಫೋನಿನಲ್ಲೇ ಆಡುವುದಾದರೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಅಲರ್ ನಿಘಂಟಿದೆ. 1,50,000ದಷ್ಟು ಪದಗಳಿವೆ, 2019ರಿಂದ ಎಲ್ಲರಿಗೂ ಉಚಿತ. ಆದರೆ ಮಕ್ಕಳಿದ್ದರೆ ಕಾಗದದ ಪುಸ್ತಕವೇ ಇರಲಿ. ಬೆರಳಿಟ್ಟ ಪದದ ಮೇಲೆ ಕೆಳಗೆ ಇರುವುದನ್ನೂ ಅವರು ಓದುತ್ತಾರೆ. ಒಂದು ಎಚ್ಚರ: ಕಣ್ಣು ಮುಚ್ಚಿ ತೆಗೆದರೆ ಪುಸ್ತಕ ಕಕಾರ, ಸಕಾರಗಳಲ್ಲೇ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ, ಅಲ್ಲಿ ಪುಟಗಳು ಜಾಸ್ತಿ. ಒಂದು ಪದವನ್ನಾದರೂ ತೆಳುವಾದ ಅಕ್ಷರಗಳಿಂದ ತೆಗೆಯಿರಿ.

ಒಳ್ಳೆಯ ವಾಕ್ಯ ಬಂದರೆ ಬರೆದಿಡಿ, ಜೊತೆಗೆ ಸಂದರ್ಭವನ್ನೂ ಬರೆಯಿರಿ. ಮಾವನ ಹಳೆಯ ನೋಟ್‌ಬುಕ್ಕಿನಲ್ಲಿ ಅತ್ತೆಯ ಕೈಬರಹದಲ್ಲಿ ಒಂದು ಸಾಲಿದೆ: 'ಎರವಲು ತಂದ ನೊಗಕ್ಕೆ ಗಿಲೀಟು ಹಾಕಿಸಬೇಡ.' ಎರವಲು, ನೊಗ, ಗಿಲೀಟು. ಯಾರು ಯಾರಿಗೆ ಹೇಳಿದ್ದು ಅಂತ ಬರೆದಿಲ್ಲ. ಅತ್ತೆಯನ್ನು ಕೇಳಿದರೆ ಅವರಿಗೂ ಮರೆತಿದೆ. ಹೊಸದಾಗಿ ಮದುವೆಯಾದ ಮಗಳಿಗೆ ಅಮ್ಮ ಹೇಳಿದ್ದು ಅನ್ನುತ್ತಾನೆ ಅಣ್ಣ. ಬಾಡಿಗೆ ಮನೆಗೆ ಸುಣ್ಣಬಣ್ಣ ಮಾಡಿಸಲು ಹೊರಟ ಮಾವನಿಗೆ ಅತ್ತೆಯೇ ಹೇಳಿದ್ದು ಅನ್ನುತ್ತಾನೆ ಚಿಕ್ಕಮ್ಮನ ಮಗ. ನನಗೆ ಇದನ್ನು ಆಡಿದ್ದು ಒಂದು ಮುದಿ ಎತ್ತು ಅನ್ನಿಸುತ್ತದೆ, ಪಕ್ಕದ ಹೊಸ ಎತ್ತಿಗೆ. ಮೂವರೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.